ಎಂಆರ್‌ಐ ನಾರ್ಮಲ್ ಅಂದ್ರು, ಕಾಯಿಲೆ ಹೋಗಲಿಲ್ಲ: ಪಿಟ್ಯುಟರಿಯ ಸಣ್ಣ ಗಡ್ಡೆ ಹುಡುಕುವ ಕ್ರಮ

ನಮ್ಮಕ್ಕ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯ ಸೊಸೆ. ಇಪ್ಪತ್ತು ವರ್ಷ ಬಿಸಿನೀರಿನ ಮುಂದೆ ಕೂತು ಗೂಡಿನಿಂದ ಎಳೆ ಬಿಡಿಸಿದವಳು. ಒಂದು ದಿನ ಕೂತ ಮಣೆಯಿಂದ ಕೈ ಊರದೆ ಏಳೋಕೆ ಆಗಲಿಲ್ಲ. ಅಷ್ಟರಲ್ಲಿ ಮುಖ ದುಂಡಗಾಗಿತ್ತು, ಹೊಟ್ಟೆ ಮುಂದೆ ಬಂದಿತ್ತು, ಬಿಪಿ ಏರಿತ್ತು, ಶುಗರ್ ಹೊಸದಾಗಿ ಬಂದಿತ್ತು, ಕೈಗೆ ಏನು ತಾಗಿದರೂ ನೀಲಿ ಕಲೆ ಕಟ್ಟುತ್ತಿತ್ತು. ಒಂದೊಂದಕ್ಕೆ ಒಂದೊಂದು ಮಾತ್ರೆ ಕೊಟ್ಟರು. ಕೊನೆಗೆ ಒಬ್ಬರು ತಲೆಯ ಎಂಆರ್‌ಐ ಬರೆದುಕೊಟ್ಟರು. ರಿಪೋರ್ಟ್ ನಾರ್ಮಲ್ ಬಂತು. "ತಲೇಲಿ ಏನೂ ಇಲ್ಲಮ್ಮ, ತೂಕ ಇಳಿಸಿ" ಅಂದು ಕಳಿಸಿದರು. ಒಂದೂವರೆ ವರ್ಷ ಆದಮೇಲೆ ಅದೇ ತಲೆಯಲ್ಲಿ, ಪಿಟ್ಯುಟರಿ ಗ್ರಂಥಿಯೊಳಗೆ, 4 ಮಿಲಿಮೀಟರ್ ಗಡ್ಡೆ ಸಿಕ್ಕಿತು. ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಅತಿಯಾಗುವ ಕುಶಿಂಗ್ ಕಾಯಿಲೆ ಅದು.

ಆ ಒಂದೂವರೆ ವರ್ಷ ಇನ್ಯಾರಿಗೂ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಅಕ್ಕನ ಫೈಲ್ ಹಿಡಿದುಕೊಂಡು ಚಿಕ್ಕಬಳ್ಳಾಪುರಕ್ಕೂ ಬೆಂಗಳೂರಿಗೂ ಓಡಾಡಿದ ತಮ್ಮ. ಸಿಕ್ಕ ಪ್ರತಿ ಡಾಕ್ಟರನ್ನೂ ಕೇಳಿ ಕೇಳಿ ತಿಳಿದುಕೊಂಡಿದ್ದು ಇದು. ನಾನು ಕಲಿತ ದೊಡ್ಡ ವಿಷಯ ಒಂದೇ: ಈ ಕಾಯಿಲೆಯಲ್ಲಿ ರಕ್ತ ಮೊದಲು ಮಾತಾಡಬೇಕು, ಫಿಲಂ ಆಮೇಲೆ. ನಾವು ಅದನ್ನು ಉಲ್ಟಾ ಮಾಡಿದ್ದೆವು.

ಪಿಟ್ಯುಟರಿ ಅಂದರೆ ಮೆದುಳಿನ ಕೆಳಗೆ, ಮೂಗಿನ ಹಿಂದೆ, ಮೂಳೆಯ ಒಂದು ಪುಟ್ಟ ಗುಂಡಿಯಲ್ಲಿ ಕೂತಿರುವ ಕಡಲೆಕಾಳಿನಷ್ಟು ಗ್ರಂಥಿ. ತೂಕ ಅರ್ಧ ಗ್ರಾಂ ಆಸುಪಾಸು. ಥೈರಾಯ್ಡ್, ಅಡ್ರಿನಲ್, ಮುಟ್ಟು, ಎದೆಹಾಲು, ಬೆಳವಣಿಗೆ ಎಲ್ಲಕ್ಕೂ ಹುಕುಂ ಕೊಡುವುದು ಇದೇ. ಇಲ್ಲಿ ಬರುವ ಗಡ್ಡೆ 10 ಮಿಲಿಮೀಟರ್‌ಗಿಂತ ಚಿಕ್ಕದಿದ್ದರೆ ಮೈಕ್ರೋಅಡಿನೋಮಾ ಅನ್ನುತ್ತಾರೆ. ಹೆಚ್ಚುಕಮ್ಮಿ ಯಾವುದೂ ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ರಾಗಿ ಕಾಳಿನಷ್ಟು ಗಡ್ಡೆ ಕೂಡ ಹಾರ್ಮೋನ್ ಸುರಿಸಿ ಇಡೀ ಮೈಯನ್ನು ಕೆಡಿಸಬಲ್ಲದು.

ಇವು ಕಂಡರೆ ಓದುವುದು ನಿಲ್ಲಿಸಿ, ಈಗಲೇ ಹೊರಡಿ

ಇದ್ದಕ್ಕಿದ್ದಂತೆ ಸಿಡಿಲು ಬಡಿದ ಹಾಗೆ ತಲೆನೋವು, ಜೊತೆಗೆ ವಾಂತಿ, ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋತುಬೀಳುವುದು, ಕಣ್ಣು ಮಂಜಾಗುವುದು. ಗಡ್ಡೆಯೊಳಗೆ ರಕ್ತ ಸೋರಿದಾಗ ಹೀಗಾಗುತ್ತದೆ. ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ನರಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೇ ಹೋಗಬೇಕು ಅಂತ ಹೇಳಿ.

ಇನ್ನೊಂದು. ತಿಂಗಳುಗಟ್ಟಲೆ ಸ್ಟೆರಾಯ್ಡ್ ತೆಗೆದುಕೊಂಡವರು ಅದನ್ನು ತಟ್ಟಂತ ಬಿಟ್ಟು ಸುಸ್ತು, ವಾಂತಿ, ತಲೆಸುತ್ತು, ಬಿಪಿ ಇಳಿಯುವುದು ಶುರುವಾದರೆ ಅದೂ ತುರ್ತೇ. ಇದರ ಬಗ್ಗೆ ಕೆಳಗೆ ಮತ್ತೆ ಬರುತ್ತೇನೆ, ಯಾಕಂದ್ರೆ ಮನೆಯಲ್ಲಿ ನಾವೇ ಮಾಡುವ ತಪ್ಪು ಅದು.

ಮುಖ ದುಂಡಗೆ, ಹೊಟ್ಟೆ ದಪ್ಪ, ಆದರೆ ಕೈಕಾಲು ಸಣ್ಣ

ಮೊದಲ ಪರೀಕ್ಷೆಗೆ ಕಾಸು ಬೇಡ. ಹಳೇ ಫೋಟೋ ತೆಗೆಯಿರಿ. ಮದುವೆ, ನಾಮಕರಣ, ಆಧಾರ್ ಕಾರ್ಡು, ಯಾವುದಾದರೂ ಸರಿ. ಐದು ವರ್ಷದ ಹಿಂದಿನದು, ಎರಡು ವರ್ಷದ ಹಿಂದಿನದು, ಈಗಿನದು, ಮೂರನ್ನೂ ಪಕ್ಕಪಕ್ಕ ಇಡಿ. ದಿನಾ ನೋಡುವ ಮನೆಯವರಿಗೆ ಬದಲಾವಣೆ ಕಾಣುವುದಿಲ್ಲ. ನಮಗೂ ಕಂಡಿರಲಿಲ್ಲ. ದುಬೈಯಿಂದ ಬಂದ ಭಾವನ ತಮ್ಮ ಬಾಗಿಲಲ್ಲೇ ನಿಂತು "ಅತ್ತಿಗೆ ಎಲ್ಲಿ?" ಅಂತ ಅಕ್ಕನನ್ನೇ ಕೇಳಿದಾಗ ಗೊತ್ತಾಯಿತು.

ದಪ್ಪ ಆಗುವವರೆಲ್ಲರಿಗೂ ಈ ಕಾಯಿಲೆ ಇರುವುದಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಸುಮ್ನೆ ಹೆದರಬೇಡಿ. ಮಾಮೂಲಿ ಬೊಜ್ಜಿನಿಂದ ಇದನ್ನು ಬೇರೆ ಮಾಡುವ ಗುರುತು ನಾಲ್ಕು. ತಾಗಿದ್ದೇ ನೆನಪಿಲ್ಲದ ಜಾಗದಲ್ಲಿ ನೀಲಿ ಕಲೆ. ತೊಡೆ ಮತ್ತು ಭುಜದ ಶಕ್ತಿ ಹೋಗುವುದು, ಅಂದರೆ ನೆಲದಿಂದ ಏಳೋಕೆ, ಮೆಟ್ಟಿಲು ಹತ್ತೋಕೆ, ಅಟ್ಟದ ಮೇಲಿನ ಡಬ್ಬ ಇಳಿಸೋಕೆ ಆಗದಿರುವುದು. ಹೊಟ್ಟೆ ಮೇಲೆ, ತೊಡೆ ಮೇಲೆ ಒಂದು ಸೆಂಟಿಮೀಟರ್‌ಗಿಂತ ಅಗಲವಾದ ನೇರಳೆ ಬಣ್ಣದ ಗೆರೆ. ಹೆರಿಗೆಯಾದ ಮೇಲೆ ಉಳಿಯುವ ಬಿಳಿ ಗೆರೆ ಬೇರೆ, ಇದು ಬೇರೆ. ನಾಲ್ಕನೆಯದು ಮುಖ ಕೆಂಪಗೆ ತುಂಬಿಕೊಳ್ಳುವುದು. ಇವುಗಳಲ್ಲಿ ಎರಡು ಇದ್ದು, ಜೊತೆಗೆ ಚಿಕ್ಕ ವಯಸ್ಸಿಗೇ ಬಿಪಿ, ಶುಗರ್, ಮೂಳೆ ಮುರಿತ ಅಂತ ಬಂದಿದ್ದರೆ ಮುಂದಿನ ಹೆಜ್ಜೆಗೆ ಹೋಗಿ. ಮಕ್ಕಳಲ್ಲಿ ಆದರೆ ಒಂದೇ ಗುರುತು ಸಾಕು: ತೂಕ ಏರುತ್ತಿದೆ, ಎತ್ತರ ನಿಂತುಹೋಗಿದೆ.

ಎರಡನೇ ಪರೀಕ್ಷೆಯೂ ಮನೆಯಲ್ಲೇ. ಒಂದು ಚೀಲ ತಗೊಂಡು ಮನೆಯಲ್ಲಿರುವ ಎಲ್ಲಾ ಔಷಧಿ ಅದಕ್ಕೆ ಹಾಕಿ. ಮಂಡಿನೋವಿಗೆ ಕೊಟ್ಟ ಮಾತ್ರೆ, ಉಬ್ಬಸದ ಪಂಪು, ತುರಿಕೆ ಮುಲಾಮು, ಮುಖ ಬೆಳ್ಳಗಾಗಲಿ ಅಂತ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಕ್ರೀಮು, ಪೊಟ್ಟಣದಲ್ಲಿ ಕಟ್ಟಿಕೊಟ್ಟ ಹೆಸರಿಲ್ಲದ ಪುಡಿ, ಮಂಡಿಗೆ ಹಾಕಿಸಿಕೊಂಡ ಇಂಜೆಕ್ಷನ್ನಿನ ಚೀಟಿ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಅನ್ನುವ ಹೆಸರು ಹುಡುಕಿ. ಇವೆಲ್ಲ ಸ್ಟೆರಾಯ್ಡ್. ಮುಖ ಊದಿ ಹೀಗಾಗುವವರಲ್ಲಿ ಜಾಸ್ತಿ ಜನಕ್ಕೆ ಕಾರಣ ಗಡ್ಡೆ ಅಲ್ಲ, ಹೊರಗಿಂದ ಮೈಗೆ ಹೋಗುತ್ತಿರುವ ಸ್ಟೆರಾಯ್ಡ್. ಇದು ಸಿಕ್ಕಿತು ಅಂದರೆ ನಿಮ್ಮ ಹುಡುಕಾಟ ಇಲ್ಲಿಗೇ ಮುಗಿಯಬಹುದು, ಎಂಆರ್‌ಐ ಖರ್ಚು ಉಳಿಯಿತು.

ಆದರೆ ಸಿಕ್ಕ ತಕ್ಷಣ ಬಿಸಾಕಬೇಡಿ. ಹೊರಗಿಂದ ಬರುತ್ತಿದೆ ಅಂತ ಮೈ ತನ್ನದೇ ಸ್ಟೆರಾಯ್ಡ್ ಆದ ಕಾರ್ಟಿಸಾಲ್ ಮಾಡುವುದನ್ನೇ ನಿಲ್ಲಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಬರುತ್ತದೆ. ಡಾಕ್ಟರ್ ಹೇಳಿದ ಲೆಕ್ಕದಲ್ಲಿ ನಿಧಾನ ಇಳಿಸಬೇಕು.

ಗುರುತು ಇದೆ, ಸ್ಟೆರಾಯ್ಡ್ ಇಲ್ಲ

ಈಗ ರಕ್ತದ ಸರದಿ. ಸುಮ್ಮನೆ ಬೆಳಗ್ಗೆ ಹೋಗಿ "ಕಾರ್ಟಿಸಾಲ್ ನೋಡಿ" ಅಂದರೆ ಪ್ರಯೋಜನ ಇಲ್ಲ. ಬೆಳಗ್ಗೆ ಎಲ್ಲರಿಗೂ ಅದು ಜಾಸ್ತಿಯೇ ಇರುತ್ತದೆ, ಮಧ್ಯರಾತ್ರಿ ಇಳಿಯಬೇಕು. ಇಳಿಯುತ್ತದೋ ಇಲ್ಲವೋ ಅನ್ನುವುದೇ ಪ್ರಶ್ನೆ.

ಅತಿ ಸುಲಭದ ದಾರಿ ಡೆಕ್ಸಾ ಪರೀಕ್ಷೆ. ರಾತ್ರಿ 11 ರಿಂದ 12 ಗಂಟೆ ಒಳಗೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ನುಂಗಬೇಕು. ಅಂಗಡಿಯಲ್ಲಿ ಅರ್ಧ ಮಿಲಿಗ್ರಾಂ ಮಾತ್ರೆ ಸಿಕ್ಕಿದರೆ ಎರಡು. ಬೆಳಗ್ಗೆ 8 ರಿಂದ 9ರ ಒಳಗೆ ರಕ್ತ ಕೊಡಬೇಕು. ಕಾರ್ಟಿಸಾಲ್ ಒಂದು ಡೆಸಿಲೀಟರ್ ರಕ್ತಕ್ಕೆ 1.8 ಮೈಕ್ರೋಗ್ರಾಂಗಿಂತ ಕೆಳಗೆ ಬಂದರೆ ಸಾಮಾನ್ಯವಾಗಿ ಕಾಯಿಲೆ ಇಲ್ಲ. ಮೇಲೇ ಉಳಿದರೆ ಮುಂದೆ ಹುಡುಕಬೇಕು. ಮಾತ್ರೆಯ ಬೆಲೆ ಶಿಡ್ಲಘಟ್ಟದಿಂದ ಪಕ್ಕದ ದೇವನಹಳ್ಳಿ ತಾಲ್ಲೂಕಿನ ವಿಜಯಪುರಕ್ಕೆ ಹೋಗುವ ಬಸ್ ಚಾರ್ಜಿಗಿಂತ ಕಮ್ಮಿ. ಇಷ್ಟು ಸುಲಭದ ಪರೀಕ್ಷೆಯನ್ನು ಅಕ್ಕನಿಗೆ ಮೂರು ವರ್ಷ ಯಾರೂ ಬರೆದುಕೊಟ್ಟಿರಲಿಲ್ಲ. ಹಾಗಂತ ನೀವೇ ನುಂಗಬೇಡಿ, ಶುಗರ್ ಇರುವವರಿಗೆ ಅದು ಏರಬಹುದು, ಡಾಕ್ಟರ್‌ಗೆ ಹೇಳಿ ಮಾಡಿಸಿ.

ಈ ಪರೀಕ್ಷೆ ದಾರಿ ತಪ್ಪಿಸುವುದೂ ಉಂಟು. ಗರ್ಭ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕಾರ್ಟಿಸಾಲ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಟಿಬಿಗೆ ಕೊಡುವ ರಿಫಾಂಪಿಸಿನ್ ಇವು ಡೆಕ್ಸಾವನ್ನು ಬೇಗ ಕರಗಿಸಿಬಿಡುತ್ತವೆ, ಆಗಲೂ ಸುಳ್ಳು ಫಲಿತಾಂಶ. ಕುಡಿತ ಜಾಸ್ತಿ ಇದ್ದರೆ, ಮನಸ್ಸು ತುಂಬಾ ಕುಗ್ಗಿದ್ದರೆ, ಶುಗರ್ ಕೈಮೀರಿದ್ದರೆ ಕೂಡ ಕಾರ್ಟಿಸಾಲ್ ಏರುತ್ತದೆ.

ಅದಕ್ಕೇ ಎರಡನೇ ಸಾಕ್ಷಿ ಬೇಕು. ಒಂದು, ರಾತ್ರಿ 11ರ ಮೇಲೆ ಕೊಡುವ ಎಂಜಲಿನ ಕಾರ್ಟಿಸಾಲ್, ಕನಿಷ್ಠ ಎರಡು ರಾತ್ರಿ. ಅದಕ್ಕೆ ಮುಂಚೆ ಹೊಗೆಸೊಪ್ಪು, ಬೀಡಿ, ಜೇಷ್ಠಮಧು ಏನೂ ಬಾಯಿಗೆ ಹಾಕಬಾರದು. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರಿಗೆ ಇದು ಸರಿಹೋಗುವುದಿಲ್ಲ, ಅವರ ಮೈಯ ಗಡಿಯಾರವೇ ಬೇರೆ. ಇನ್ನೊಂದು, 24 ಗಂಟೆಯ ಮೂತ್ರ. ಬೆಳಗ್ಗೆ ಎದ್ದ ಮೊದಲ ಮೂತ್ರ ಬಿಟ್ಟುಬಿಡಿ, ಅಲ್ಲಿಂದ ಮಾರನೇ ದಿನದ ಮೊದಲ ಮೂತ್ರವೂ ಸೇರಿ ಒಂದು ಹನಿಯೂ ಬಿಡದೆ ಕ್ಯಾನಿಗೆ ಹಾಕಿ. ಅಕ್ಕ ಮಾರುಕಟ್ಟೆಗೆ ಹೋದಾಗ ಒಂದು ಸಲ ತಪ್ಪಿಸಿಬಿಟ್ಟಳು. ಮತ್ತೆ ಮೊದಲಿಂದ ಶುರು ಮಾಡಿದೆವು.

ಎಲ್ಲಾ ಗುರುತು ಇದ್ದೂ ಒಂದು ಸಲ ಜಾಸ್ತಿ, ಒಂದು ಸಲ ನಾರ್ಮಲ್ ಬಂದರೆ? ಕೆಲವರ ಗಡ್ಡೆ ಅಲೆಅಲೆಯಾಗಿ ಹಾರ್ಮೋನ್ ಬಿಡುತ್ತದೆ. ಮುಖ ಊದಿ, ಕಲೆ ಕಟ್ಟುತ್ತಿರುವ ವಾರದಲ್ಲೇ ಮತ್ತೆ ಪರೀಕ್ಷೆ ಮಾಡಿಸಿ.

ಕಾರ್ಟಿಸಾಲ್ ಜಾಸ್ತಿ ಇದೆ, ಆದರೆ ಎಲ್ಲಿಂದ ಬರುತ್ತಿದೆ?

ಇಲ್ಲಿ ಎಸಿಟಿಎಚ್ ಅನ್ನುವ ರಕ್ತ ಪರೀಕ್ಷೆ ಬರುತ್ತದೆ. ಇದು ಪಿಟ್ಯುಟರಿಯಿಂದ ಅಡ್ರಿನಲ್‌ಗೆ ಹೋಗುವ ಓಲೆ. ಎಸಿಟಿಎಚ್ ಒಂದು ಮಿಲಿಲೀಟರಿಗೆ 10 ಪಿಕೋಗ್ರಾಂಗಿಂತ ಕೆಳಗಿದ್ದರೆ ತೊಂದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್‌ನಲ್ಲಿ, ಹೊಟ್ಟೆಯ ಸಿಟಿ ಮಾಡಿಸಬೇಕು, ತಲೆಯದ್ದಲ್ಲ. 20ಕ್ಕಿಂತ ಮೇಲಿದ್ದರೆ ಓಲೆ ಬರೆಯುವವನೇ ತಪ್ಪು ಮಾಡುತ್ತಿದ್ದಾನೆ. ಆ ಗುಂಪಿನಲ್ಲಿ ಹೆಚ್ಚಿನವರಿಗೆ ಪಿಟ್ಯುಟರಿ ಗಡ್ಡೆ, ಅದಕ್ಕೇ ಕುಶಿಂಗ್ ಕಾಯಿಲೆ ಅಂತ ಹೆಸರು. ಅಮೆರಿಕದ ನರಶಸ್ತ್ರಚಿಕಿತ್ಸಕ ಹಾರ್ವಿ ಕುಶಿಂಗ್ 1932ರಲ್ಲಿ ಇದನ್ನು ವಿವರವಾಗಿ ಬರೆದರು. ಉಳಿದ ಕೆಲವರಿಗೆ ಶ್ವಾಸಕೋಶದಂಥ ಬೇರೆ ಜಾಗದ ಗಡ್ಡೆ ಎಸಿಟಿಎಚ್ ಬಿಡುತ್ತಿರುತ್ತದೆ. ಕೆಲವೇ ತಿಂಗಳಲ್ಲಿ ಎಲ್ಲಾ ಏರಿಬಿಟ್ಟಿದ್ದರೆ, ಮೈ ಕಪ್ಪಾಗಿದ್ದರೆ, ಪೊಟ್ಯಾಸಿಯಂ ತೀರಾ ಇಳಿದಿದ್ದರೆ ಅದರ ಮೇಲೆ ಅನುಮಾನ ಇರಲಿ.

ಒಂದು ಎಚ್ಚರಿಕೆ. ಎಸಿಟಿಎಚ್ ಬೇಗ ಕೆಡುವ ವಸ್ತು. ರಕ್ತ ತೆಗೆದ ಕೂಡಲೇ ಐಸ್ ಮೇಲಿಟ್ಟು ಬೇಗ ಬೇರ್ಪಡಿಸಬೇಕು. ಇಲ್ಲಿ ರಕ್ತ ತೆಗೆದು ಬಿಸಿಲಲ್ಲಿ ಬೈಕ್ ಮೇಲೆ ಬೆಂಗಳೂರಿಗೆ ಕಳಿಸಿದರೆ ನಂಬರ್ ಸುಳ್ಳೇ ಕಮ್ಮಿ ಬರುತ್ತದೆ, ಅಡ್ರಿನಲ್ ತಪ್ಪಿಲ್ಲದೆ ಸಿಕ್ಕಿಹಾಕಿಕೊಳ್ಳುತ್ತದೆ. ಪರೀಕ್ಷೆ ಮಾಡುವ ಲ್ಯಾಬಿಗೇ ಹೋಗಿ ರಕ್ತ ಕೊಡುವುದು ಒಳ್ಳೆಯದು.

ರಕ್ತ ಇದೆ ಅನ್ನುತ್ತಿದೆ, ಎಂಆರ್‌ಐ ಇಲ್ಲ ಅನ್ನುತ್ತಿದೆ

ನಾವು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ, ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದೂ ಇಲ್ಲೇ. ಅದಕ್ಕೆ ಇದನ್ನು ನಿಧಾನವಾಗಿ ಹೇಳುತ್ತೇನೆ.

ಕುಶಿಂಗ್ ಕಾಯಿಲೆ ಇರುವವರಲ್ಲಿ ಮಾಮೂಲಿ ಎಂಆರ್‌ಐ ತೆಗೆದರೆ ಸುಮಾರು ಮೂರರಲ್ಲಿ ಒಬ್ಬರಿಗೆ, ಕೆಲವು ಕಡೆ ಅರ್ಧದಷ್ಟು ಜನಕ್ಕೆ ಗಡ್ಡೆ ಕಾಣುವುದೇ ಇಲ್ಲ. ಎಷ್ಟೋ ಗಡ್ಡೆ 6 ಮಿಲಿಮೀಟರ್‌ಗಿಂತ ಚಿಕ್ಕವು, ಕೆಲವು 2, 3 ಮಿಲಿಮೀಟರ್. ತಲೆಯ ಮಾಮೂಲಿ ಸ್ಕ್ಯಾನ್ ಮೆದುಳನ್ನು ಸುಮಾರು 5 ಮಿಲಿಮೀಟರ್ ದಪ್ಪದ ಹೋಳುಗಳಾಗಿ ತೋರಿಸುತ್ತದೆ. ಒಂದು ಮುದ್ದೆಯೊಳಗೆ ಒಂದೇ ಒಂದು ಸಾಸಿವೆ ಸೇರಿಕೊಂಡಿದೆ ಅಂದುಕೊಳ್ಳಿ. ದಪ್ಪ ದಪ್ಪ ತುತ್ತು ಮುರಿದು ನೋಡಿದರೆ ಅದು ಎಲ್ಲಿ ಕಾಣಬೇಕು? ಹೋಳಿನೊಳಗೇ ಕರಗಿಹೋಗುತ್ತದೆ. ಅಕ್ಕನ ಮೊದಲ ಸ್ಕ್ಯಾನ್ ಇಂಥದ್ದು, ಚಿತ್ರ ಎದ್ದು ಕಾಣಲಿ ಅಂತ ರಕ್ತನಾಳಕ್ಕೆ ಬಿಡುವ ಕಾಂಟ್ರಾಸ್ಟ್ ಔಷಧಿ ಕೂಡ ಹಾಕಿರಲಿಲ್ಲ. ಆ ರಿಪೋರ್ಟ್‌ನ "ನಾರ್ಮಲ್" ಅಂದರೆ "ಮೆದುಳು ನಾರ್ಮಲ್" ಅಂತ ಅರ್ಥ. ಪಿಟ್ಯುಟರಿಯನ್ನು ಯಾರೂ ಹುಡುಕಿರಲೇ ಇಲ್ಲ.

ಹಾಗಾಗಿ ಕೈಯಲ್ಲಿರುವ ರಿಪೋರ್ಟ್ ತೆಗೆದು ನೋಡಿ. ಮೇಲೆ ಬರೀ "ಬ್ರೈನ್" ಅಂತ ಇದೆಯೋ, "ಪಿಟ್ಯುಟರಿ" ಅಥವಾ "ಸೆಲ್ಲಾ" (ಪಿಟ್ಯುಟರಿ ಕೂತಿರುವ ಮೂಳೆಯ ಗುಂಡಿ) ಅಂತ ಇದೆಯೋ? ಕಾಂಟ್ರಾಸ್ಟ್ ಹಾಕಿದ್ದಾರೋ? "ಡೈನಮಿಕ್" ಅನ್ನುವ ಪದ ಇದೆಯೋ? ಇಲ್ಲ ಅಂದರೆ ನಿಮ್ಮದು ನಾರ್ಮಲ್ ಸ್ಕ್ಯಾನ್ ಅಲ್ಲ, ಆಗದೇ ಇರುವ ಸ್ಕ್ಯಾನ್.

ಡೈನಮಿಕ್ ಅಂದರೇನು? ನಮ್ಮ ಕಡೆಯವರಿಗೆ ಹಿಪ್ಪುನೇರಳೆ ತೋಟದ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ತೋಟಕ್ಕೆ ನೀರು ಬಿಟ್ಟಿರಿ. ಒಳ್ಳೆ ಮಣ್ಣು ತಕ್ಷಣ ನೀರು ಹೀರಿ ಬಣ್ಣ ಬದಲಾಯಿಸುತ್ತದೆ. ಮಧ್ಯೆ ಒಂದು ಕಡೆ ನೆಲ ಗಟ್ಟಿ ಇದ್ದರೆ ಅದು ಸ್ವಲ್ಪ ಹೊತ್ತು ಒಣಗೇ ಕಾಣುತ್ತದೆ. ಆ ಕ್ಷಣದಲ್ಲಿ ಬದುವಿನ ಮೇಲೆ ನಿಂತವರಿಗೆ ಮಾತ್ರ ಆ ಜಾಗ ಗೊತ್ತಾಗುತ್ತದೆ. ಅರ್ಧ ಗಂಟೆ ಬಿಟ್ಟು ಬಂದರೆ ಎಲ್ಲಾ ಒಂದೇ ಸಮ ಒದ್ದೆ. ಗ್ಯಾಡೊಲಿನಿಯಂ ಅನ್ನುವ ಕಾಂಟ್ರಾಸ್ಟ್ ರಕ್ತನಾಳಕ್ಕೆ ಬಿಟ್ಟಾಗ ಇದೇ ನಡೆಯುತ್ತದೆ. ಸರಿಯಿರುವ ಪಿಟ್ಯುಟರಿ ಅದನ್ನು ಬೇಗ ಎಳೆದುಕೊಂಡು ಬೆಳ್ಳಗೆ ಹೊಳೆಯುತ್ತದೆ, ಗಡ್ಡೆ ತಡವಾಗಿ ಎಳೆದುಕೊಳ್ಳುವುದರಿಂದ ಮೊದಲ ಒಂದೆರಡು ನಿಮಿಷ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಆ ಹೊತ್ತಿನಲ್ಲಿ ಕೆಲವು ಸೆಕೆಂಡಿಗೊಂದರಂತೆ ಚಿತ್ರ ತೆಗೆಯುತ್ತಾ ಹೋಗುವುದೇ ಡೈನಮಿಕ್ ಎಂಆರ್‌ಐ. ತಡವಾಗಿ ತೆಗೆದ ಚಿತ್ರದಲ್ಲಿ ಗಡ್ಡೆಯೂ ಬೆಳ್ಳಗಾಗಿ ಬೆರೆತುಹೋಗಿರುತ್ತದೆ.

ಅದರಲ್ಲೂ ಸಿಗದಿದ್ದರೆ ಮುಂದಿನದು 1 ಮಿಲಿಮೀಟರ್ ದಪ್ಪದ ಹೋಳು ತೆಗೆಯುವ 3ಡಿ ವಿಧಾನ. ಎಸ್‌ಪಿಜಿಆರ್ ಅನ್ನುವುದು ಅದರಲ್ಲಿ ಒಂದು ಬಗೆ. ಚಿತ್ರದಲ್ಲಿ ಸ್ವಲ್ಪ ಮರಳು ಮರಳು ಕಂಡರೂ ಸಣ್ಣ ಗಡ್ಡೆ ಹಿಡಿಯುವುದರಲ್ಲಿ ಇದು ಮಾಮೂಲಿಗಿಂತ ಮುಂದೆ. ಅಕ್ಕನ ಗಡ್ಡೆ ಸಿಕ್ಕಿದ್ದು ಇದರಲ್ಲೇ, ಗ್ರಂಥಿಯ ಎಡ ಅಂಚಿನಲ್ಲಿ.

ಯಂತ್ರದ ಅಯಸ್ಕಾಂತದ ಶಕ್ತಿಯೂ ಲೆಕ್ಕಕ್ಕೆ ಬರುತ್ತದೆ, ಅದನ್ನು ಟೆಸ್ಲಾ ಲೆಕ್ಕದಲ್ಲಿ ಹೇಳುತ್ತಾರೆ. ಜಿಲ್ಲಾ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು 1.5 ಟೆಸ್ಲಾ ಯಂತ್ರ, ದೊಡ್ಡ ಆಸ್ಪತ್ರೆಗಳಲ್ಲಿ 3 ಟೆಸ್ಲಾ. ಸಣ್ಣ ಗಡ್ಡೆಗೆ 3 ಟೆಸ್ಲಾ ವಾಸಿ. ಅದಕ್ಕೂ ಮೇಲಿನ 7 ಟೆಸ್ಲಾ ಯಂತ್ರವನ್ನು ರೋಗಿಗಳ ತಲೆ ನೋಡಲು ಬಳಸಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಒಪ್ಪಿತು, 3 ಟೆಸ್ಲಾದಲ್ಲಿ ಕಾಣದ ಕೆಲವು ಗಡ್ಡೆ ಅದರಲ್ಲಿ ಕಂಡಿವೆ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಯಂತ್ರದ ನಂಬರಿಗಿಂತ ವಿಧಾನ ಮುಖ್ಯ, ವಿಧಾನಕ್ಕಿಂತ ನೋಡುವ ಕಣ್ಣು ಮುಖ್ಯ. 3 ಟೆಸ್ಲಾದಲ್ಲಿ ದಪ್ಪ ಹೋಳು ತೆಗೆದರೆ ಏನು ಬಂತು? ಪಿಟ್ಯುಟರಿ ದಿನಾ ನೋಡುವ ರೇಡಿಯಾಲಜಿಸ್ಟ್ ಒಬ್ಬರು ಅಕ್ಕನ ಎರಡನೇ ಸ್ಕ್ಯಾನನ್ನು ಹದಿನೈದು ನಿಮಿಷ ಹಿಂದೆ ಮುಂದೆ ಓಡಿಸಿ ನೋಡಿದರು.

ಸ್ಕ್ಯಾನ್ ಬರೆಸಿಕೊಳ್ಳುವಾಗ ಚೀಟಿಯಲ್ಲಿ ಮೂರು ವಿಷಯ ಇರಬೇಕು ಅಂತ ಡಾಕ್ಟರನ್ನು ಕೇಳಿಕೊಳ್ಳಿ: ಪಿಟ್ಯುಟರಿಗೇ ಸ್ಕ್ಯಾನ್, ಡೈನಮಿಕ್ ಕಾಂಟ್ರಾಸ್ಟ್ ಮತ್ತು ತೆಳು ಹೋಳು ಸಮೇತ, ಕುಶಿಂಗ್ ಅನುಮಾನ ಇದೆ. ಬರೀ "ತಲೆನೋವು" ಅಂತ ಬರೆದು ಕಳಿಸಿದರೆ ಅವರು ತಲೆನೋವಿಗೇ ಹುಡುಕುತ್ತಾರೆ, ಅವರದ್ದು ತಪ್ಪೂ ಅಲ್ಲ.

ಒಳಗೆ ಹೋಗುವ ಮುಂಚೆ: ಪೇಸ್‌ಮೇಕರ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗೆ ಕೂರಿಸಿದ ಯಂತ್ರ, ವೆಲ್ಡಿಂಗ್ ಅಥವಾ ಲೇತ್ ಕೆಲಸದಲ್ಲಿ ಕಣ್ಣಿಗೆ ಹಾರಿದ ಕಬ್ಬಿಣದ ಚೂರು ಇವು ಇದ್ದರೆ ಬಾಗಿಲಲ್ಲೇ ಹೇಳಿ. ಮೂಗುಬೊಟ್ಟು, ತಾಳಿ, ಕಾಲುಂಗುರ, ಹೇರ್‌ಪಿನ್ ಎಲ್ಲಾ ತೆಗೆದಿಡಿ. ತಾಳಿ ತೆಗೆಯೋಕೆ ಅಮ್ಮಂದಿರು ಹಿಂಜರಿಯುತ್ತಾರೆ, ಮನೆಯಲ್ಲೇ ಮಾತಾಡಿಕೊಂಡು ಹೋಗಿ. ಕಿಡ್ನಿ ತೊಂದರೆ ಇದ್ದರೆ ಕಾಂಟ್ರಾಸ್ಟಿಗೆ ಮುಂಚೆ ಕ್ರಿಯಾಟಿನಿನ್ ರಿಪೋರ್ಟ್ ತೋರಿಸಲೇಬೇಕು. ಗರ್ಭಿಣಿಯಾಗಿದ್ದರೆ, ಅನುಮಾನ ಇದ್ದರೂ ಸಾಕು, ಮೊದಲೇ ಹೇಳಬೇಕು. ಸ್ಕ್ಯಾನ್ ಆಗುವಾಗ ಅಲ್ಲಾಡಬಾರದು. ಒಂದೇ ಒಂದು ಕೆಮ್ಮು 3 ಮಿಲಿಮೀಟರ್ ಗಡ್ಡೆಯನ್ನು ಅಳಿಸಿಹಾಕಬಹುದು.

ಎಂಆರ್‌ಐನಲ್ಲಿ ಏನೋ ಚುಕ್ಕೆ ಇದೆ, ಆದರೆ ಮೈಗೆ ಏನೂ ಆಗಿಲ್ಲ

ಇದು ಉಲ್ಟಾ ತೊಂದರೆ. ಆರೋಗ್ಯವಾಗಿರುವ ದೊಡ್ಡವರ ಪಿಟ್ಯುಟರಿ ಸ್ಕ್ಯಾನ್ ಮಾಡಿದರೂ ಸುಮಾರು 10ರಲ್ಲಿ ಒಬ್ಬರಿಗೆ ಒಂದು ಸಣ್ಣ ಚುಕ್ಕೆ ಕಾಣುತ್ತದೆ. ಅದು ಏನೂ ಮಾಡದೆ ಜೀವನಪೂರ್ತಿ ಇರಬಹುದು. ರಕ್ತ ಪರೀಕ್ಷೆಗೆ ಮುಂಚೆ ಸ್ಕ್ಯಾನ್ ಮಾಡಿಸಬಾರದು ಅನ್ನುವುದು ಇದಕ್ಕೇ. ಅಡ್ರಿನಲ್ ಕಾಯಿಲೆ ಇರುವವರಿಗೆ ಅಂಥ ಚುಕ್ಕೆ ನೋಡಿ ತಲೆ ಆಪರೇಷನ್ ಮಾಡಿದರೆ ಗತಿ ಏನು? ಚುಕ್ಕೆ ಸಿಕ್ಕಿದವರು ಹಾರ್ಮೋನ್ ಪರೀಕ್ಷೆ ಮಾಡಿಸಿ, ಎಲ್ಲಾ ಸರಿ ಇದ್ದರೆ ಡಾಕ್ಟರ್ ಹೇಳಿದಾಗ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿಕೊಂಡು ನೆಮ್ಮದಿಯಾಗಿರಿ.

ಒಳ್ಳೆ ಎಂಆರ್‌ಐ ಮಾಡಿದರೂ ಸಿಗಲಿಲ್ಲ, ಅಥವಾ ಸಿಕ್ಕಿದ್ದು ತೀರಾ ಚಿಕ್ಕದು

ಈಗ ದೊಡ್ಡ ಆಸ್ಪತ್ರೆಯ ಕೆಲಸ. ತಾಲ್ಲೂಕು, ಜಿಲ್ಲೆ ಮಟ್ಟದಲ್ಲಿ ಇಲ್ಲಿಂದ ಮುಂದೆ ಸಮಯ ಕಳೆಯಬೇಡಿ. ಹಾರ್ಮೋನ್ ತಜ್ಞರು, ಪಿಟ್ಯುಟರಿ ಆಪರೇಷನ್ ಮಾಡುವ ನ್ಯೂರೋ ಸರ್ಜನ್, ರಕ್ತನಾಳದೊಳಗೆ ಕೆಥೆಟರ್ ಅನ್ನುವ ಸಣ್ಣ ಕೊಳವೆ ಬಿಡುವ ರೇಡಿಯಾಲಜಿಸ್ಟ್ ಮೂವರೂ ಒಟ್ಟಿಗೆ ಇರುವ ಕಡೆ ಹೋಗಬೇಕು. ನಮ್ಮ ಕಡೆಯವರಿಗೆ ಬೆಂಗಳೂರು ಹತ್ತಿರ ಇರುವುದು ಈ ವಿಷಯದಲ್ಲಿ ಪುಣ್ಯ. ಮನೋರೋಗ, ನರರೋಗಕ್ಕೇ ಇರುವ ನಿಮ್ಹಾನ್ಸ್ ಆಸ್ಪತ್ರೆ ಅಲ್ಲಿದೆ. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗೆ ಇಟ್ಟುಕೊಳ್ಳಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತದೆ ಅಂತ ಕೌಂಟರಿನಲ್ಲೇ ವಿಚಾರಿಸಿ.

ಅಲ್ಲಿ ಐಪಿಎಸ್ಎಸ್ ಅನ್ನುವ ಪರೀಕ್ಷೆ ಬಗ್ಗೆ ಹೇಳಬಹುದು. ಕೇಳುವಾಗ ಭಯವಾಗುತ್ತದೆ. ಎರಡೂ ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ಮೇಲಕ್ಕೆ ಬಿಟ್ಟು, ಪಿಟ್ಯುಟರಿಯಿಂದ ರಕ್ತ ಇಳಿದು ಬರುವ ನಾಳಗಳವರೆಗೆ ತಲುಪಿಸುತ್ತಾರೆ. ಎಡ, ಬಲ ಮತ್ತು ಮೈಯ ಇನ್ನೊಂದು ರಕ್ತನಾಳ, ಮೂರೂ ಕಡೆ ಒಂದೇ ಹೊತ್ತಿಗೆ ರಕ್ತ ತೆಗೆದು ಎಸಿಟಿಎಚ್ ನೋಡುತ್ತಾರೆ. ಪಿಟ್ಯುಟರಿ ಪಕ್ಕದ ರಕ್ತದಲ್ಲಿ ಅದು ಮೈಯ ರಕ್ತಕ್ಕಿಂತ ಎರಡು ಪಟ್ಟು ಅಥವಾ ಜಾಸ್ತಿ ಇದ್ದರೆ, ಎಸಿಟಿಎಚ್ ಬಿಡು ಅಂತ ಕೆಣಕುವ ಸಿಆರ್‌ಎಚ್ ಹಾರ್ಮೋನ್ ಅಥವಾ ಡೆಸ್ಮೊಪ್ರೆಸಿನ್ ಇಂಜೆಕ್ಷನ್ ಕೊಟ್ಟ ಮೇಲೆ ಮೂರು ಪಟ್ಟು ದಾಟಿದರೆ, ಕಳ್ಳ ಪಿಟ್ಯುಟರಿಯಲ್ಲೇ ಇದ್ದಾನೆ. ಕಾಲುವೆಯಲ್ಲಿ ಬಣ್ಣದ ನೀರು ಬಂದರೆ ಯಾವ ತೋಟದಿಂದ ಅಂತ ಮೇಲಕ್ಕೆ ಹುಡುಕಿಕೊಂಡು ಹೋದ ಹಾಗೆ. ಗಡ್ಡೆ 10 ಮಿಲಿಮೀಟರ್ ಇದ್ದರೆ ಸಾಮಾನ್ಯವಾಗಿ ಇದು ಬೇಡ. 6ಕ್ಕಿಂತ ಚಿಕ್ಕದಿದ್ದರೆ ಅಥವಾ ಕಾಣದೇ ಇದ್ದರೆ ಬೇಕು. ಮಧ್ಯದವರಿಗೆ ಡಾಕ್ಟರುಗಳಲ್ಲೇ ಬೇರೆ ಬೇರೆ ಅಭಿಪ್ರಾಯ ಇದೆ.

ಎರಡು ಮಾತು ನೆನಪಿರಲಿ. ಈ ಪರೀಕ್ಷೆ ಮಾಡುವ ಹೊತ್ತಿಗೆ ಕಾರ್ಟಿಸಾಲ್ ಜಾಸ್ತಿ ಇರಲೇಬೇಕು, ಅದನ್ನು ಇಳಿಸುವ ಮಾತ್ರೆ ತಗೊಳ್ತಿದ್ದರೆ ಮುಂಚೆಯೇ ಹೇಳಿ. ಇನ್ನೊಂದು, ಪಿಟ್ಯುಟರಿ ಹೌದೋ ಅಲ್ಲವೋ ಅನ್ನುವುದನ್ನು ಇದು ಚೆನ್ನಾಗಿ ಹೇಳುತ್ತದೆ, ಎಡಕ್ಕೋ ಬಲಕ್ಕೋ ಅನ್ನುವುದನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಅದೊಂದನ್ನೇ ನಂಬಿ ಅರ್ಧ ಗ್ರಂಥಿ ತೆಗೆಯುವ ನಿರ್ಧಾರ ಬಂದರೆ ಇನ್ನೊಬ್ಬ ಸರ್ಜನ್ ಅಭಿಪ್ರಾಯ ಕೇಳಿ. ತೊಡೆಸಂದಿಯಲ್ಲಿ ರಕ್ತ ಹೆಪ್ಪುಗಟ್ಟಿ ಊದುವುದು ಉಂಟು. ಮೆದುಳಿಗೆ ತೊಂದರೆಯಾಗುವುದು ಬಹಳ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಅದಕ್ಕೇ ಅನುಭವ ಇರುವ ಕೈಯಲ್ಲೇ ಆಗಬೇಕು.

ಜಾಗ ತೋರಿಸುವ ಹೊಸ ದಾರಿ ಪೆಟ್ ಸ್ಕ್ಯಾನ್. ಎಂಆರ್‌ಐ ಆಕಾರ ನೋಡುತ್ತದೆ, ಪೆಟ್ ಕೆಲಸ ನೋಡುತ್ತದೆ. ವಿಕಿರಣ ಬಿಡುವ ಕಾರ್ಬನ್-11 ಸೇರಿಸಿದ ಮೆಥಿಯೋನಿನ್ ಅನ್ನುವ ಅಮಿನೋ ಆಮ್ಲ ಕೊಟ್ಟರೆ ಗಡ್ಡೆ ಅದನ್ನು ಜಾಸ್ತಿ ಎಳೆದುಕೊಂಡು ಬೆಳಗುತ್ತದೆ. ತೊಂದರೆ ಏನಂದ್ರೆ ಅದರ ಶಕ್ತಿ 20 ನಿಮಿಷಕ್ಕೆ ಅರ್ಧ ಆಗುತ್ತದೆ, ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಆಸ್ಪತ್ರೆಯ ಬುಡದಲ್ಲೇ ಇರಬೇಕು. ನನಗೆ ಖುಷಿ ಕೊಟ್ಟ ಸಂಗತಿ ಇನ್ನೊಂದು. ಚಂಡೀಗಢದ ಪಿಜಿಐ ಆಸ್ಪತ್ರೆಯ ಡಾಕ್ಟರುಗಳು ವಿಕಿರಣ ಬಿಡುವ ಗ್ಯಾಲಿಯಂ-68 ಅನ್ನು ಸಿಆರ್‌ಎಚ್‌ಗೆ ಅಂಟಿಸಿ ಸ್ಕ್ಯಾನ್ ಮಾಡುವ ದಾರಿ ಹುಡುಕಿ 2021ರಲ್ಲಿ ಪ್ರಕಟಿಸಿದರು. ಎಸಿಟಿಎಚ್ ಮಾಡುವ ಗಡ್ಡೆಯ ಮೇಲೆ ಸಿಆರ್‌ಎಚ್ ಕೂರುವ ಬಾಗಿಲುಗಳು ಇರುತ್ತವೆ, ಔಷಧಿ ನೇರವಾಗಿ ಅಲ್ಲಿಗೇ ಹೋಗಿ ಅಂಟಿಕೊಳ್ಳುತ್ತದೆ. ಆ ಚಿತ್ರವನ್ನು ಎಂಆರ್‌ಐ ಮೇಲೆ ಕೂರಿಸಿದರೆ ಸರ್ಜನ್‌ಗೆ ಜಾಗ ಸಿಗುತ್ತದೆ. ಇವೆಲ್ಲ ಕೆಲವೇ ಕಡೆ ಲಭ್ಯ. ಮೊದಲ ಎಂಆರ್‌ಐ ಸರಿಯಾಗಿ ಮಾಡಿಸದೆ ಪೆಟ್‌ಗೆ ಸಾಲ ಮಾಡಬೇಡಿ.

ಇಷ್ಟೆಲ್ಲ ಯಾಕೆ ಅಂದರೆ, ಆಪರೇಷನ್ ಮೂಗಿನ ಮೂಲಕ ಆಗುತ್ತದೆ, ಗ್ರಂಥಿಯ ಎರಡು ಪಕ್ಕದಲ್ಲೂ ಮೆದುಳಿಗೆ ಹೋಗುವ ದೊಡ್ಡ ರಕ್ತನಾಳ, ಮೇಲೆ ಕಣ್ಣಿನ ನರ. ಜಾಗ ಗೊತ್ತಿದ್ದರೆ ಗಡ್ಡೆಯನ್ನಷ್ಟೇ ತೆಗೆದು ಒಳ್ಳೆ ಗ್ರಂಥಿ ಉಳಿಸಬಹುದು. ಗೊತ್ತಿಲ್ಲದಿದ್ದರೆ ಕಡಲೆಕಾಳನ್ನು ಸೀಳಿ ಸೀಳಿ ಹುಡುಕಬೇಕು. ಗಡ್ಡೆ ಮೊದಲೇ ಕಂಡಿರುವ ಸಣ್ಣ ಗಡ್ಡೆಯವರಲ್ಲಿ, ನುರಿತ ಸರ್ಜನ್ ಮಾಡಿದರೆ, ಸುಮಾರು 10ರಲ್ಲಿ 8 ಜನಕ್ಕೆ ಕಾಯಿಲೆ ಹತೋಟಿಗೆ ಬರುತ್ತದೆ.

ಮುಟ್ಟು ನಿಂತಿದೆ, ಮಗು ಇಲ್ಲದೆ ಹಾಲು ಬರುತ್ತಿದೆ

ಇದು ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಕಥೆ. ಮೊದಲು ಗರ್ಭ ಪರೀಕ್ಷೆ, ಆಮೇಲೆ ಥೈರಾಯ್ಡ್, ಆಮೇಲೆ ಔಷಧಿ ಚೀಲ. ಗ್ಯಾಸ್ಟ್ರಿಕ್, ವಾಂತಿಗೆ ಕೊಡುವ ಡೊಂಪೆರಿಡೋನ್ ದಿನಾ ನುಂಗುವವರು ನಮ್ಮಲ್ಲಿ ಎಷ್ಟು ಜನ! ಅದೊಂದೇ ಪ್ರೊಲ್ಯಾಕ್ಟಿನ್ ಏರಿಸಲು ಸಾಕು. ರಿಸ್ಪೆರಿಡೋನ್ ಥರದ ಮಾನಸಿಕ ಕಾಯಿಲೆಯ ಮಾತ್ರೆಯೂ ಅಷ್ಟೇ, ಆದರೆ ಅದನ್ನು ಬರೆದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಪ್ರೊಲ್ಯಾಕ್ಟಿನ್ ಒಂದು ಮಿಲಿಲೀಟರಿಗೆ 200 ನ್ಯಾನೋಗ್ರಾಂ ದಾಟಿದ್ದರೆ ಗಡ್ಡೆಯ ಅನುಮಾನ ಬಲವಾಗುತ್ತದೆ. ಇದರಲ್ಲಿ ಸಮಾಧಾನದ ಸುದ್ದಿ ಏನಂದ್ರೆ ಹೆಚ್ಚಿನವರಿಗೆ ಆಪರೇಷನ್ ಬೇಡ, ಕ್ಯಾಬರ್ಗೋಲಿನ್ ಮಾತ್ರೆಯಲ್ಲೇ ಗಡ್ಡೆ ಕುಗ್ಗುತ್ತದೆ. ಮಾತ್ರೆ ಕೊಡದೆ ನೇರ ಆಪರೇಷನ್ ಅಂದರೆ ಯಾಕೆ ಅಂತ ಕೇಳಿ. ಗಂಡಸರಿಗೂ ಇದು ಬರುತ್ತದೆ, ನಾಚಿಕೆಯಿಂದ ಹೇಳಿಕೊಳ್ಳದೆ ಗಡ್ಡೆ ದೊಡ್ಡದಾದ ಮೇಲೆ ಬರುತ್ತಾರೆ.

ಉಂಗುರ ಬಿಗಿ, ಚಪ್ಪಲಿ ಸೈಜು ಏರುತ್ತಿದೆ

ಇದು ಬೆಳವಣಿಗೆ ಹಾರ್ಮೋನ್ ಸುರಿಸುವ ಗಡ್ಡೆಯ ಕಥೆ. ಇವುಗಳ ಜೊತೆ ಹಲ್ಲಿನ ಮಧ್ಯೆ ಸಂದು, ದವಡೆ ಮುಂದೆ ಬರುವುದು, ಗೊರಕೆ, ಬೆವರು ಇದ್ದರೆ ಐಜಿಎಫ್-1 ರಕ್ತ ಪರೀಕ್ಷೆ ಮಾಡಿಸಿ. ಜಾಸ್ತಿ ಬಂದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಬೆಳವಣಿಗೆ ಹಾರ್ಮೋನ್ ಇಳಿಯುತ್ತದೋ ನೋಡುತ್ತಾರೆ. ಇಲ್ಲಿ ಗಡ್ಡೆ ಸಾಮಾನ್ಯವಾಗಿ ದೊಡ್ಡದೇ ಇರುತ್ತದೆ, ಹುಡುಕುವ ಕಷ್ಟ ಕಮ್ಮಿ.

ಆಪರೇಷನ್ ದಿನ ಗೊತ್ತಾಗಿದೆ

ಫಿಲಂ ಹಾಳೆಗಳ ಜೊತೆ ಸ್ಕ್ಯಾನ್ ಸೆಂಟರಿನಿಂದ ಸಿಡಿ ಅಥವಾ ಪೆನ್‌ಡ್ರೈವಿನಲ್ಲಿ ಪೂರ್ತಿ ಚಿತ್ರ ಕೇಳಿ ತಗೊಳ್ಳಿ. ಸರ್ಜನ್ ನೂರಾರು ಹೋಳು ಓಡಿಸಿ ನೋಡಬೇಕು, ಫಿಲಂ ಮೇಲೆ ಕೆಲವೇ ಹೋಳು ಇರುತ್ತವೆ. ಹಳೆಯ ಸ್ಕ್ಯಾನ್, ನಾರ್ಮಲ್ ಅಂದಿದ್ದು ಕೂಡ, ಎಸೆಯಬೇಡಿ. ಅಕ್ಕನ ಆ ಮೊದಲ ಸ್ಕ್ಯಾನನ್ನೂ ಸರ್ಜನ್ ಕೇಳಿ ಪಡೆದು ನೋಡಿದರು.

ಆಪರೇಷನ್ ಆದಮೇಲೆ ಮೂಗಿನಿಂದ ನೀರಿನಂಥ ತಿಳಿ ದ್ರವ ತೊಟ್ಟಿಕ್ಕಿದರೆ, ಬಗ್ಗಿದಾಗ ಜಾಸ್ತಿಯಾದರೆ, ಅದು ನೆಗಡಿ ಅಲ್ಲ, ಮೆದುಳಿನ ಸುತ್ತಲಿನ ನೀರು ಸೋರುತ್ತಿರಬಹುದು. ಕೂಡಲೇ ಹೇಳಿ, ಮೂಗು ಜೋರಾಗಿ ಊದಿ ಸಿಂಬಳ ತೆಗೆಯಬೇಡಿ. ಬಿಂದಿಗೆಗಟ್ಟಲೆ ಮೂತ್ರ ಹೋಗುತ್ತಾ ತಡೆಯಲಾಗದ ಬಾಯಾರಿಕೆ ಆದರೂ ಹೇಳಿ. ಮನೆಗೆ ಬಂದು ವಾರದ ಸುಮಾರಿಗೆ ತಲೆನೋವು, ವಾಕರಿಕೆ, ಮಂಕು ಕವಿದರೆ ಸೋಡಿಯಂ ಇಳಿದಿರಬಹುದು, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.

ಗಡ್ಡೆ ಪೂರ್ತಿ ಹೋದರೆ ಕಾರ್ಟಿಸಾಲ್ ತೀರಾ ಇಳಿಯುತ್ತದೆ. ಅದು ಗೆದ್ದ ಗುರುತು, ಆದರೆ ರೋಗಿಗೆ ಸೋತ ಹಾಗೆ ಅನಿಸುತ್ತದೆ: ಕೈಕಾಲು ನೋವು, ಸುಸ್ತು, ಊಟ ಬೇಡ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷ ದಾಟಿ, ಹೈಡ್ರೋಕಾರ್ಟಿಸೋನ್ ಮಾತ್ರೆ ಬೇಕು. ಜ್ವರ, ಭೇದಿ ಬಂದಾಗ ಡೋಸ್ ಎಷ್ಟು ಏರಿಸಬೇಕು ಅಂತ ಡಿಸ್ಚಾರ್ಜ್ ದಿನವೇ ಬರೆಸಿಕೊಂಡು ಬನ್ನಿ. ಆ ಚೀಟಿ ಅಕ್ಕನ ಮನೆಯಲ್ಲಿ ಕ್ಯಾಲೆಂಡರ್ ಪಕ್ಕ ಅಂಟಿಸಿದೆ, ಭಾವನ ಪರ್ಸಿನಲ್ಲಿ ಒಂದು, ನನ್ನ ಫೋನಿನಲ್ಲಿ ಒಂದು. ಎಂಟನೇ ತಿಂಗಳಿಗೆ ಅವಳು ಕೈ ಊರದೆ ಮಣೆಯಿಂದ ಎದ್ದಳು. "ನೋಡೋ" ಅಂತ ಕೂಗಿ ಕರೆದು ಮತ್ತೆ ಕೂತು ಮತ್ತೆ ಎದ್ದು ತೋರಿಸಿದಳು.